ಫ್ಲೋರಿಡಾದ ಆಂಥ್ರಾಕ್ಸ್ ಪ್ರಕರಣ: ಬೆಂಗಳೂರಿನ ಲ್ಯಾಬ್‌ನಲ್ಲಿ ಕೂತು ಓದಿದಾಗ

ಜೈವಿಕ ಭಯೋತ್ಪಾದನೆ ಅಂದ ತಕ್ಷಣ ಜನರಿಗೆ ನೆನಪಾಗುವುದು ಮೈತುಂಬ ಬಿಳಿ ಸೂಟು ಹಾಕಿದವರು, ಸೈರನ್ ಕೂಗುವ ವಾಹನ, ಹಳದಿ ಟೇಪು. ಆದರೆ ಅದು ಮೊದಲು ಬರುವುದು ಯಾವುದೋ ಆಸ್ಪತ್ರೆಯ ಕ್ಯಾಶುವಾಲ್ಟಿಗೆ. ಜ್ವರ, ವಾಂತಿ, ಸುಸ್ತು ಅಂತ ಹೇಳಿಕೊಂಡು ಬರುವ ಒಬ್ಬ ರೋಗಿಯಾಗಿ ಬರುತ್ತದೆ. ಬೆಂಗಳೂರಿನಂಥ ಊರಲ್ಲಿ ಅದು ಖಾಸಗಿ ಆಸ್ಪತ್ರೆಯೋ ಮನೆ ಹತ್ತಿರದ ನರ್ಸಿಂಗ್ ಹೋಮೋ ಆಗಿರುವ ಸಾಧ್ಯತೆಯೇ ಜಾಸ್ತಿ. ಇತ್ತ ಊರನ್ನು ಎಚ್ಚರಿಸುವ ಅಧಿಕಾರ, ಔಷಧದ ದಾಸ್ತಾನು, ಪೊಲೀಸರು, ದೊಡ್ಡ ಲ್ಯಾಬ್‌ಗಳು ಎಲ್ಲ ಸರ್ಕಾರದ ಕೈಯಲ್ಲಿವೆ. ರೋಗಿ ಒಂದು ಕಡೆ, ಅಧಿಕಾರ ಇನ್ನೊಂದು ಕಡೆ. ಈ ಎರಡರ ನಡುವೆ ಸುದ್ದಿ ಎಷ್ಟು ಬೇಗ ಓಡಾಡುತ್ತದೆ ಅನ್ನುವುದರ ಮೇಲೆ ಎಷ್ಟು ಜನ ಬದುಕುತ್ತಾರೆ ಅನ್ನುವುದು ನಿಂತಿರುತ್ತದೆ.

ನಾನು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬ್ ನೋಡಿಕೊಳ್ಳುವವಳು. ಹೊಸದಾಗಿ ಸೇರುವ ಟೆಕ್ನಿಷಿಯನ್‌ಗಳಿಗೆ, ಸೋಂಕು ನಿಯಂತ್ರಣದ ನರ್ಸ್‌ಗಳಿಗೆ ಈ ವಿಷಯ ಹೇಳಿಕೊಡಬೇಕಾದಾಗ ಒಂದೇ ಪ್ರಕರಣವನ್ನು ತೆಗೆದುಕೊಳ್ಳುತ್ತೇನೆ. 2001ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಪುಡಿ ತುಂಬಿದ ಲಕೋಟೆಗಳಿಂದ, ಅಂಚೆ ಮೂಲಕ ಹರಡಿದ ಆಂಥ್ರಾಕ್ಸ್ (ಬ್ಯಾಕ್ಟೀರಿಯಾದಿಂದ ಬರುವ ಮಾರಕ ಕಾಯಿಲೆ) ಅದು, ಅದರಲ್ಲೂ ಮೊದಲ ಮೂರು ವಾರ. ಆ ಮೂರು ವಾರದೊಳಗೆ ಸರ್ಕಾರಿ ಮತ್ತು ಖಾಸಗಿ ವ್ಯವಸ್ಥೆ ಕೈಜೋಡಿಸಿ ಎಷ್ಟು ಚೆನ್ನಾಗಿ ಕೆಲಸ ಮಾಡಬಹುದು ಅನ್ನುವುದೂ ಇದೆ, ಅದೇ ಜೋಡಣೆ ತಪ್ಪಿದರೆ ಹೇಗೆ ಜೀವ ಹೋಗುತ್ತದೆ ಅನ್ನುವುದೂ ಇದೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಮ್ಮ ಊರಿನ ಮಾತು ಆಮೇಲೆ ಬರುತ್ತದೆ.

ಮೊದಲ ರೋಗಿ

2001ರ ಅಕ್ಟೋಬರ್ 2, ಬೆಳಗಿನ ಜಾವ. ಫ್ಲೋರಿಡಾ ರಾಜ್ಯದ ಪಾಮ್ ಬೀಚ್ ಕೌಂಟಿಯ ಒಂದು ಆಸ್ಪತ್ರೆಗೆ ರಾಬರ್ಟ್ ಸ್ಟೀವನ್ಸ್ ಅನ್ನುವವರನ್ನು ಕರೆತಂದರು. ವಯಸ್ಸು 63, ಬೋಕಾ ರಟಾನ್‌ನ ಒಂದು ಪತ್ರಿಕಾ ಸಂಸ್ಥೆಯಲ್ಲಿ ಫೋಟೋ ಎಡಿಟರ್. ಜ್ವರ, ವಾಂತಿ, ಮಾತು ತೊದಲುತ್ತಿದೆ, ಎಲ್ಲಿದ್ದೇನೆ ಅನ್ನುವುದೇ ತಿಳಿಯುತ್ತಿಲ್ಲ. ಯಾರು ನೋಡಿದರೂ ಮಿದುಳು ಪೊರೆಯ ಸೋಂಕು ಅಂತಲೇ ಅಂದುಕೊಳ್ಳುತ್ತಾರೆ, ಅಲ್ಲಿನವರೂ ಹಾಗೇ ಅಂದುಕೊಂಡು ಆಂಟಿಬಯೋಟಿಕ್ ಶುರು ಮಾಡಿದರು, ಬೆನ್ನಿನಿಂದ ನೀರು ತೆಗೆದು ಲ್ಯಾಬ್‌ಗೆ ಕಳಿಸಿದರು.

ಲ್ಯಾಬ್‌ನಲ್ಲಿ ಗ್ರಾಂ ಸ್ಟೇನ್ (ಬ್ಯಾಕ್ಟೀರಿಯಾಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಮಾಡಿದಾಗ ಕಂಡದ್ದು ನೇರಳೆ ಬಣ್ಣದ ದಪ್ಪ ಕಡ್ಡಿಗಳು. ಕೆಲವು ಒಂಟಿ, ಕೆಲವು ಸರಪಳಿಯಂತೆ ಸಾಲಾಗಿ. ಮಿದುಳು ಪೊರೆಯ ಸೋಂಕಿನಲ್ಲಿ ನಾವು ಸಾಮಾನ್ಯವಾಗಿ ನೋಡುವ ಬ್ಯಾಕ್ಟೀರಿಯಾಗಳು ದುಂಡಗಿರುತ್ತವೆ. ಇಂಥ ಕಡ್ಡಿಗಳು ಅಪರೂಪ. ಆಸ್ಪತ್ರೆಯ ಸೋಂಕು ರೋಗ ತಜ್ಞ ಲ್ಯಾರಿ ಬುಷ್ ಆ ಸ್ಲೈಡ್ ನೋಡಿದರು. ಇದು ಬ್ಯಾಸಿಲಸ್ ಜಾತಿಯದು, ಆಂಥ್ರಾಕ್ಸ್ ಆಗಿರಬಹುದು ಅಂತ ಅವರಿಗೆ ಅನ್ನಿಸಿತು. ಆಗ ಅಮೆರಿಕದಲ್ಲಿ ಉಸಿರಿನ ಮೂಲಕ ಬರುವ ಆಂಥ್ರಾಕ್ಸ್ ಕಂಡು 25 ವರ್ಷ ಆಗಿತ್ತು, ಹಿಂದಿನದು 1976ರಲ್ಲಿ. ಅವರ ಜಾಗದಲ್ಲಿ ಇದ್ದವರು ಯಾರಾದರೂ "ಇರಲಿ, ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಬರಲಿ, ಆಮೇಲೆ ನೋಡೋಣ" ಅಂದಿದ್ದರೆ ಅದನ್ನು ತಪ್ಪು ಅನ್ನುವವರು ಕಡಿಮೆ.

ಬುಷ್ ಕಾಯಲಿಲ್ಲ. ಅದೇ ದಿನ ಕೌಂಟಿಯ ಆರೋಗ್ಯ ಇಲಾಖೆಯ ಮುಖ್ಯಸ್ಥೆ ಜೀನ್ ಮಲೆಕಿ ಅವರಿಗೆ ಫೋನ್ ಮಾಡಿ ಸಂಶಯ ಹೇಳಿದರು. ಮಲೆಕಿ ಅದನ್ನು ತಳ್ಳಿಹಾಕಲಿಲ್ಲ. ಮಾದರಿಯನ್ನು ಜ್ಯಾಕ್ಸನ್‌ವಿಲ್‌ನ ರಾಜ್ಯ ಲ್ಯಾಬ್‌ಗೆ ಕಳಿಸುವ ವ್ಯವಸ್ಥೆ ಆಯಿತು. ಆ ಲ್ಯಾಬ್‌ನಲ್ಲಿ ಆಂಥ್ರಾಕ್ಸ್ ಗುರುತಿಸಲು ತರಬೇತಿ ಪಡೆದವರು ಆಗಲೇ ಇದ್ದರು. ಯಾಕಂದರೆ 1999ರಲ್ಲೇ ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ, ಸಾರ್ವಜನಿಕ ಆರೋಗ್ಯ ಲ್ಯಾಬ್‌ಗಳ ಸಂಘ ಮತ್ತು ಎಫ್‌ಬಿಐ ಸೇರಿ ಲ್ಯಾಬ್‌ಗಳ ಒಂದು ಜಾಲ ಕಟ್ಟಿದ್ದವು. ಕೆಳಗೆ ಆಸ್ಪತ್ರೆ ಲ್ಯಾಬ್‌ಗಳು, ಅವುಗಳ ಕೆಲಸ ಸಂಶಯ ಪಡುವುದು, ಮುಂದಕ್ಕೆ ಕಳಿಸುವುದು. ಮಧ್ಯದಲ್ಲಿ ರಾಜ್ಯದ ಲ್ಯಾಬ್‌ಗಳು, ಅವುಗಳ ಕೆಲಸ ಖಚಿತಪಡಿಸುವುದು. ಮೇಲೆ ಸಿಡಿಸಿಯಂಥ ರಾಷ್ಟ್ರೀಯ ಲ್ಯಾಬ್‌ಗಳು. ಅಕ್ಟೋಬರ್ 4ಕ್ಕೆ ರಾಜ್ಯದ ಲ್ಯಾಬ್ ಮತ್ತು ಸಿಡಿಸಿ ಎರಡೂ ಆಂಥ್ರಾಕ್ಸ್ ಅಂತ ಖಚಿತಪಡಿಸಿದವು. ಖಾಸಗಿ ವೈದ್ಯರ ಸಂಶಯದಿಂದ ದೇಶಕ್ಕೆ ಸುದ್ದಿ ಹೇಳುವವರೆಗೆ ಎರಡು ದಿನ.

ಸ್ಟೀವನ್ಸ್ ಅಕ್ಟೋಬರ್ 5ರಂದು ತೀರಿಕೊಂಡರು. ಆದರೆ ಆ ಎರಡು ದಿನದ ಓಟದ ಲಾಭ ಬೇರೆಯವರಿಗೆ ಸಿಕ್ಕಿತು. ಅವರ ಸಹೋದ್ಯೋಗಿಗಳಲ್ಲಿ ಯಾರಿಗೆ ಹುಷಾರಿಲ್ಲ ಅಂತ ಹುಡುಕಿದಾಗ, ಅದೇ ಕಚೇರಿಯ ಅಂಚೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ 73 ವರ್ಷದ ಒಬ್ಬರು ಮಯಾಮಿಯ ಬೇರೆ ಆಸ್ಪತ್ರೆಯಲ್ಲಿ ನ್ಯುಮೋನಿಯಾ ಅಂತ ಮಲಗಿರುವುದು ಗೊತ್ತಾಯಿತು. ಅದೂ ಆಂಥ್ರಾಕ್ಸ್. ಅವರು ಬದುಕಿದರು. ಎರಡು ಆಸ್ಪತ್ರೆ, ಎರಡು ಬೇರೆ ಬೇರೆ ಕಾಯಿಲೆಯ ಹೆಸರು. ಈ ಇಬ್ಬರನ್ನೂ ಒಂದೇ ಗೆರೆಯಲ್ಲಿ ತಂದು ನಿಲ್ಲಿಸಲು ಯಾವ ಒಂದು ಆಸ್ಪತ್ರೆಗೂ ಆಗುತ್ತಿರಲಿಲ್ಲ. ಆ ಕೆಲಸ ಸರ್ಕಾರದ್ದು, ಅದನ್ನು ಅವರು ಮಾಡಿದರು. ಅಕ್ಟೋಬರ್ 7ರ ಹೊತ್ತಿಗೆ ಕಚೇರಿ ಕಟ್ಟಡಕ್ಕೆ ಬೀಗ ಬಿತ್ತು, ಅಲ್ಲಿ ಓಡಾಡಿದ ಸಾವಿರಕ್ಕೂ ಜಾಸ್ತಿ ಜನರನ್ನು ಪರೀಕ್ಷೆ ಮಾಡಿ ಆಂಟಿಬಯೋಟಿಕ್ ಕೊಟ್ಟರು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಅಕ್ಟೋಬರ್ 4ರಂದು ಕೇಂದ್ರದ ಆರೋಗ್ಯ ಸಚಿವ ಟಾಮಿ ಥಾಂಪ್ಸನ್ ಇದೊಂದು ಬಿಡಿ ಪ್ರಕರಣ ಅಂದರು, ರೋಗಿ ತೊರೆಯ ನೀರು ಕುಡಿದಿದ್ದರು ಅನ್ನುವ ಮಾತನ್ನೂ ಆಡಿದರು. ಜನ ಗಾಬರಿಯಾಗಬಾರದು ಅನ್ನುವ ಉದ್ದೇಶ ಅರ್ಥವಾಗುತ್ತದೆ. ಆದರೆ ಆ ಮಾತು ಕೇಳಿಸಿಕೊಂಡ ನೂರಾರು ಖಾಸಗಿ ವೈದ್ಯರಿಗೆ ತಲುಪಿದ ಸಂದೇಶ ಏನು? "ನಿಮ್ಮ ರೋಗಿಯಲ್ಲಿ ಇದನ್ನು ಹುಡುಕಬೇಕಿಲ್ಲ" ಅಂತ.

ಸ್ಲೈಡ್ ಮೇಲಿನ ಕಡ್ಡಿಗಳು

ಲ್ಯಾಬ್‌ನವರಿಗೆ ಈ ಭಾಗ ಮುಖ್ಯ, ಹಾಗಾಗಿ ಸ್ವಲ್ಪ ನಿಲ್ಲುತ್ತೇನೆ. ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳು ಮಣ್ಣಲ್ಲಿ, ಧೂಳಲ್ಲಿ, ಚರ್ಮದ ಮೇಲೆ ಎಲ್ಲೆಲ್ಲೂ ಇರುತ್ತವೆ. ರಕ್ತದ ಕಲ್ಚರ್ ಬಾಟಲಿಯಲ್ಲಿ ಅವು ಬೆಳೆದರೆ ಹತ್ತರಲ್ಲಿ ಒಂಬತ್ತು ಸಲ "ಕಂಟಾಮಿನೆಂಟ್, ಚರ್ಮದಿಂದ ಬಂದದ್ದು" ಅಂತ ಬರೆದು ಬಿಸಾಡುವುದು ಎಲ್ಲ ಲ್ಯಾಬ್‌ಗಳ ರೂಢಿ. ಆ ರೂಢಿ ಸುಮ್ನೆ ಬಂದದ್ದಲ್ಲ, ಬಹುತೇಕ ಅದು ಸರಿಯೇ. ಆದರೆ ಆಂಥ್ರಾಕ್ಸ್ ಕೂಡ ಅದೇ ಜಾತಿಯದು. ಬಿಸಾಡುವ ಮೊದಲು ಎರಡು ವಿಷಯ ನೋಡಿದರೆ ಸಾಕು. ಕುರಿಯ ರಕ್ತ ಸೇರಿಸಿದ ಅಗರ್ ಪ್ಲೇಟ್ (ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆ) ಮೇಲೆ ಅದು ಸುತ್ತಲಿನ ರಕ್ತಕಣಗಳನ್ನು ಒಡೆಯುತ್ತಿದೆಯಾ, ಮತ್ತು ಅದು ಚಲಿಸುತ್ತಿದೆಯಾ. ಎರಡಕ್ಕೂ ಇಲ್ಲ ಅಂತ ಉತ್ತರ ಬಂದರೆ ಪ್ಲೇಟ್ ಮುಚ್ಚಿ, ಮುಂದಿನ ಪರೀಕ್ಷೆಯನ್ನು ನಿಮ್ಮ ಮೇಜಿನ ಮೇಲೆ ಮಾಡಲು ಹೋಗದೆ, ಹಿರಿಯರಿಗೆ ಹೇಳಬೇಕು. ಇದಕ್ಕೆ ದುಬಾರಿ ಯಂತ್ರ ಬೇಡ. ತಾಲ್ಲೂಕು ಮಟ್ಟದ ಲ್ಯಾಬ್‌ನಲ್ಲೂ ಆಗುವ ಕೆಲಸ.

ಬುಷ್ ಅವರ ಜಾಣತನ ಮೆಚ್ಚಲೇಬೇಕು, ಆದರೆ ಅವರೊಬ್ಬರ ಜಾಣತನದಿಂದ ಆದದ್ದಲ್ಲ ಇದು. ಸಂಶಯ ಬಂದಾಗ ಫೋನ್ ಮಾಡಲು ಹೆಸರಿರುವ ಒಬ್ಬ ಅಧಿಕಾರಿ ಇದ್ದರು. ಫೋನ್ ಎತ್ತಿದ ಅಧಿಕಾರಿಗೆ ಮಾದರಿ ಎಲ್ಲಿಗೆ ಕಳಿಸಬೇಕು ಅಂತ ಗೊತ್ತಿತ್ತು. ಮಾದರಿ ತಲುಪಿದ ಲ್ಯಾಬ್‌ನಲ್ಲಿ ಕೆಲಸ ಬಲ್ಲವರಿದ್ದರು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಆ ಸ್ಲೈಡ್ ಒಂದು ಕುತೂಹಲದ ಸಂಗತಿಯಾಗಿ ಉಳಿದುಬಿಡುತ್ತಿತ್ತು.

ವಾಷಿಂಗ್ಟನ್‌ನಲ್ಲಿ ಆದದ್ದು

ಅಕ್ಟೋಬರ್ 15ರಂದು ಸೆನೆಟರ್ ಟಾಮ್ ಡ್ಯಾಶೆಲ್ ಅವರ ಕಚೇರಿಯಲ್ಲಿ ಒಂದು ಲಕೋಟೆ ಒಡೆದಾಗ ಪುಡಿ ಹಾರಿತು. ಅಲ್ಲಿದ್ದ ಸಿಬ್ಬಂದಿಗೆ ಅಂದೇ ಆಂಟಿಬಯೋಟಿಕ್ ಸಿಕ್ಕಿತು, ಅವರಲ್ಲಿ ಯಾರಿಗೂ ಕಾಯಿಲೆ ಬರಲಿಲ್ಲ. ಆದರೆ ಆ ಪತ್ರ ಅಲ್ಲಿಗೆ ಬಂದದ್ದು ನಗರದ ಬ್ರೆಂಟ್‌ವುಡ್ ಅಂಚೆ ವಿಂಗಡಣೆ ಕೇಂದ್ರದ ಮೂಲಕ. ಮುಚ್ಚಿದ ಲಕೋಟೆಯಿಂದ ಅಂಚೆಯವರಿಗೆ ಅಪಾಯ ಇಲ್ಲ ಅಂತ ಆರೋಗ್ಯ ಅಧಿಕಾರಿಗಳು ಆಗ ನಂಬಿದ್ದರು. ವಿಂಗಡಣೆ ಯಂತ್ರಗಳು ಲಕೋಟೆಯನ್ನು ಒತ್ತಿ ತಳ್ಳುವಾಗ ಪುಡಿ ಕಾಗದದ ರಂಧ್ರಗಳಿಂದ ಹೊರಬಂದು ಗಾಳಿಗೆ ಸೇರುತ್ತದೆ ಅನ್ನುವುದು ಆಮೇಲೆ ತಿಳಿಯಿತು. ಬ್ರೆಂಟ್‌ವುಡ್‌ಗೆ ಬೀಗ ಬಿದ್ದದ್ದು ಅಕ್ಟೋಬರ್ 21ಕ್ಕೆ. ನಡುವೆ ಆರು ದಿನ.

ಆ ಆರು ದಿನದಲ್ಲಿ ಬ್ರೆಂಟ್‌ವುಡ್‌ನ ನಾಲ್ವರು ನೌಕರರು ಕಾಯಿಲೆ ಬಿದ್ದು ವೈದ್ಯರ ಹತ್ತಿರ ಹೋದರು. ಇಬ್ಬರು ವರ್ಜೀನಿಯಾದ ಇನೋವಾ ಫೇರ್‌ಫ್ಯಾಕ್ಸ್ ಅನ್ನುವ ಖಾಸಗಿ ಆಸ್ಪತ್ರೆಗೆ ಹೋದರು. ಅಲ್ಲಿನ ತುರ್ತು ವಿಭಾಗದ ವೈದ್ಯರಿಗೆ ರೋಗಿ ಅಂಚೆ ನೌಕರ ಅಂದ ಕೂಡಲೇ ಸಂಶಯ ಬಂತು, ಎದೆಯ ಸ್ಕ್ಯಾನ್ ಮಾಡಿಸಿದರು, ತಕ್ಷಣ ಚಿಕಿತ್ಸೆ ಶುರು ಮಾಡಿದರು. ಇಬ್ಬರೂ ಉಳಿದರು. ಇನ್ನಿಬ್ಬರು ಬೇರೆ ಕಡೆ ಹೋದರು. ಅವರಲ್ಲಿ ಒಬ್ಬರು ಅಕ್ಟೋಬರ್ 18ರಂದೇ ವೈದ್ಯರನ್ನು ಕಂಡು ಮನೆಗೆ ವಾಪಸ್ ಬಂದಿದ್ದರು, 21ರಂದು ತೀರಿಕೊಂಡರು. ಮತ್ತೊಬ್ಬರು 21ರ ಭಾನುವಾರ ಆಸ್ಪತ್ರೆಗೆ ಹೋಗಿ, ಮನೆಗೆ ಕಳಿಸಲ್ಪಟ್ಟು, ಮರುದಿನ ಮತ್ತೆ ಹೋಗಿ ಅಂದೇ ತೀರಿಕೊಂಡರು.

ಈ ನಾಲ್ವರ ಕಥೆ ಓದಿಸುವಾಗ ಪ್ರತಿ ಸಲ ತರಗತಿಯಲ್ಲಿ ಯಾರಾದರೊಬ್ಬರು ಆ ಇಬ್ಬರು ವೈದ್ಯರನ್ನು ಬೈಯುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಜ್ವರ, ಮೈಕೈ ನೋವು, ಸ್ವಲ್ಪ ಉಸಿರಾಟದ ತೊಂದರೆ ಇರುವ ನೂರು ರೋಗಿಗಳ ನಡುವೆ ಒಬ್ಬರಲ್ಲಿ ಆಂಥ್ರಾಕ್ಸ್ ಹುಡುಕು ಅಂದರೆ ಯಾರಿಗೆ ಆಗುತ್ತದೆ? "ಅಂಚೆ ನೌಕರ ಜ್ವರ ಅಂತ ಬಂದರೆ ಮನೆಗೆ ಕಳಿಸಬೇಡಿ" ಅನ್ನುವ ಒಂದು ಸಾಲು 16ನೇ ತಾರೀಖು ಆ ಭಾಗದ ಪ್ರತಿ ಕ್ಲಿನಿಕ್‌ಗೆ ಹೋಗಿದ್ದಿದ್ದರೆ ಸಾಕಾಗಿತ್ತು. ಆ ಸಾಲು ಹೋಗಲಿಲ್ಲ. ಬಹಳಷ್ಟು ವೈದ್ಯರಿಗೆ ಸುದ್ದಿ ಸಿಗುತ್ತಿದ್ದದ್ದು ಟಿವಿಯಿಂದ. 2003ರಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕ ಪರಿಶೋಧನಾ ಸಂಸ್ಥೆ ಈ ಪ್ರಕರಣದ ಬಗ್ಗೆ ಕೊಟ್ಟ ವರದಿಯಲ್ಲೂ ಇದೇ ಇದೆ: ಮೊದಲೇ ಯೋಜನೆ, ಪರಿಚಯ, ಅಣಕು ಕಾರ್ಯಾಚರಣೆ ಇದ್ದ ಕಡೆ ಅದು ಉಪಯೋಗಕ್ಕೆ ಬಂತು, ಆದರೆ ಚಿಕಿತ್ಸೆ ಕೊಡುವ ವೈದ್ಯರಿಗೆ ಮಾಹಿತಿ ಮುಟ್ಟಿಸುವುದು ಕಷ್ಟವಾಯಿತು.

ಒಟ್ಟು 22 ಜನಕ್ಕೆ ಕಾಯಿಲೆ ಬಂತು. 11 ಜನಕ್ಕೆ ಉಸಿರಿನ ಮೂಲಕ, 11 ಜನಕ್ಕೆ ಚರ್ಮದ ಮೂಲಕ. ಐವರು ಸತ್ತರು, ಐವರೂ ಉಸಿರಿನ ಮೂಲಕ ಸೋಂಕಾದವರು. ಉಸಿರಿನ ಆಂಥ್ರಾಕ್ಸ್ ಬಂದರೆ ಬದುಕುವುದೇ ಇಲ್ಲ ಅನ್ನುವಂತಿದ್ದ ಕಾಯಿಲೆಯಲ್ಲಿ 11ರಲ್ಲಿ 6 ಜನ ಉಳಿದರು, ಅದಕ್ಕೆ ಬೇಗ ಶುರುವಾದ ಚಿಕಿತ್ಸೆಯೂ ಕಾರಣ. 10 ಸಾವಿರಕ್ಕೂ ಜಾಸ್ತಿ ಜನರಿಗೆ 60 ದಿನ ಆಂಟಿಬಯೋಟಿಕ್ ತೆಗೆದುಕೊಳ್ಳಲು ಹೇಳಿದರು. ಲ್ಯಾಬ್ ಜಾಲಕ್ಕೆ ಬಂದ ಮಾದರಿಗಳು 1 ಲಕ್ಷ 20 ಸಾವಿರಕ್ಕೂ ಜಾಸ್ತಿ, ಅದರಲ್ಲಿ ಬಹುಪಾಲು ಯಾರದೋ ಮೇಜಿನ ಮೇಲಿನ ಧೂಳು, ಯಾರದೋ ಲಕೋಟೆ. ಪತ್ರ ಕಳಿಸಿದವರು ಅಲ್ಲಿನ ಸೇನೆಯ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಬ್ರೂಸ್ ಐವಿನ್ಸ್ ಅಂತ ಎಫ್‌ಬಿಐ ತೀರ್ಮಾನಿಸಿ 2010ರಲ್ಲಿ ಕಡತ ಮುಚ್ಚಿತು. ಅಷ್ಟೊತ್ತಿಗೆ ಐವಿನ್ಸ್ ಬದುಕಿರಲಿಲ್ಲ. ಬರೀ ವೈಜ್ಞಾನಿಕ ಸಾಕ್ಷ್ಯದಿಂದ ಅದನ್ನು ಖಚಿತವಾಗಿ ಹೇಳಲಾಗದು ಅಂತ 2011ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಹೇಳಿತು. ಅದು ಬೇರೆಯೇ ಕಥೆ.

ಅದೇ ಸ್ಲೈಡ್ ನಮ್ಮ ಊರಲ್ಲಿ ಕಂಡರೆ

ಫ್ಲೋರಿಡಾದಲ್ಲಿ ಸುದ್ದಿ ಖಾಸಗಿಯಿಂದ ಸರ್ಕಾರಕ್ಕೆ ಹತ್ತಿತು. ವಾಷಿಂಗ್ಟನ್‌ನಲ್ಲಿ ಸರ್ಕಾರದಿಂದ ಖಾಸಗಿಗೆ ಇಳಿಯಲಿಲ್ಲ. ನಮ್ಮಲ್ಲಿ ಸಿದ್ಧತೆ ಅಂದಾಗಲೆಲ್ಲ ಹತ್ತುವ ದಾರಿಯ ಬಗ್ಗೆಯೇ ಮಾತು. ಇಳಿಯುವ ದಾರಿಯನ್ನು ಯಾರೂ ಕಟ್ಟುತ್ತಿಲ್ಲ. ಈ ಪ್ರಕರಣದಿಂದ ನಾನು ಬೆಂಗಳೂರಿಗೆ ತರುವ ಮಾತು ಇದೊಂದೇ.

ಹತ್ತುವ ದಾರಿ ನಮ್ಮಲ್ಲಿ ಕಾಗದದ ಮೇಲೆ ಚೆನ್ನಾಗಿದೆ. ಸಮಗ್ರ ರೋಗ ಕಣ್ಗಾವಲು ಯೋಜನೆ, ಅಂದರೆ ಐಡಿಎಸ್‌ಪಿ, 2004ರಿಂದ ಇದೆ. ಆರೋಗ್ಯ ಕಾರ್ಯಕರ್ತೆಯರಿಗೆ ಎಸ್ ಫಾರಂ, ವೈದ್ಯರಿಗೆ ಪಿ ಫಾರಂ, ಲ್ಯಾಬ್‌ಗಳಿಗೆ ಎಲ್ ಫಾರಂ. 2021ರಿಂದ ಅದು ಐಎಚ್‌ಐಪಿ ಪೋರ್ಟಲ್‌ಗೆ ಬಂದಿದೆ, ದಿನದಿನವೂ ತುಂಬಬಹುದು. ಖಾಸಗಿ ಆಸ್ಪತ್ರೆಗಳು ಕೆಪಿಎಂಇ ಕಾಯ್ದೆಯಡಿ ನೋಂದಣಿ ಆಗಿರಲೇಬೇಕು, 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆಯೂ ಇದೆ. ಜೈವಿಕ ವಿಪತ್ತು ನಿರ್ವಹಣೆಗೆ ಅಂತಲೇ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2008ರಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಈಗ ಲ್ಯಾಬ್‌ನೊಳಗೆ ಬನ್ನಿ. ಒಮ್ಮೆ ಈ ಪ್ರಕರಣ ಓದಿಸಿ ಮುಗಿಸಿದ ಮೇಲೆ ಒಬ್ಬ ಟೆಕ್ನಿಷಿಯನ್ ಹುಡುಗಿ ಕೇಳಿದಳು: "ಮೇಡಂ, ರಾತ್ರಿ ಎರಡು ಗಂಟೆಗೆ ನನಗೆ ಇಂಥ ಸ್ಲೈಡ್ ಕಂಡರೆ ನಿಮಗೆ ಫೋನ್ ಮಾಡ್ತೀನಿ. ನೀವು ಯಾರಿಗೆ ಮಾಡ್ತೀರಿ?" ಕೊಠಡಿಯಲ್ಲಿ ಇನ್ನೊಂದು ಆಸ್ಪತ್ರೆಯಿಂದ ಬಂದಿದ್ದ ಹಿರಿಯ ವೈದ್ಯರೂ ಇದ್ದರು. ಅವರು ಅಂದರು, "ಪೋರ್ಟಲ್‌ನಲ್ಲಿ ಹಾಕ್ತೀವಮ್ಮ." ಹುಡುಗಿ ಬಿಡಲಿಲ್ಲ. "ಪೋರ್ಟಲ್‌ನಲ್ಲಿ ಹಾಕಿದ್ದನ್ನ ರಾತ್ರಿ ಯಾರು ಓದ್ತಾರೆ ಸರ್?" ಅದಕ್ಕೆ ಅಲ್ಲಿದ್ದ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅವಳ ಪ್ರಶ್ನೆ ಈ ಇಡೀ ವಿಷಯದ ಬಗ್ಗೆ ನಾನು ಕೇಳಿದ ಅತ್ಯಂತ ಒಳ್ಳೆಯ ಪ್ರಶ್ನೆ.

ಪೋರ್ಟಲ್ ಕೆಟ್ಟದು ಅಂತ ನಾನು ಹೇಳುತ್ತಿಲ್ಲ. ಡೆಂಗಿ, ಟೈಫಾಯ್ಡ್‌ನಂಥ ಎಣಿಸಬೇಕಾದ ಕಾಯಿಲೆಗಳಿಗೆ ಅದು ಬೇಕೇ ಬೇಕು. ಆದರೆ "ನನಗೆ ಏನೋ ಸಂಶಯ, ಖಚಿತ ಇಲ್ಲ" ಅನ್ನುವ ಮಾತಿಗೆ ಯಾವ ಫಾರಂನಲ್ಲೂ ಕಾಲಂ ಇರುವುದಿಲ್ಲ. ಆ ಮಾತನ್ನು ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೇ ಹೇಳಬೇಕು. ಅದಕ್ಕೆ 24 ಗಂಟೆ ಎತ್ತುವ ಒಂದು ಫೋನ್ ಬೇಕು, ಅದರ ಹಿಂದೆ ಸರದಿಯ ಮೇಲೆ ಕೂರುವ ತರಬೇತಿಯಾದ ಅಧಿಕಾರಿ ಬೇಕು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ರೋಗಾಣುವಿಗೆ ಪಾಲಿಕೆಯ ಗಡಿ ಗೊತ್ತಿಲ್ಲ. ನನ್ನ ಆಸ್ಪತ್ರೆ ಒಂದು ಪಾಲಿಕೆಯಲ್ಲಿ, ರೋಗಿಯ ಮನೆ ಇನ್ನೊಂದರಲ್ಲಿ, ಅವರ ಆಫೀಸು ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ. ಐದು ಪಾಲಿಕೆಗೂ ಸೇರಿ ಒಂದೇ ನಂಬರ್ ಇರಲಿ ಅನ್ನುವುದು ದೊಡ್ಡ ಬೇಡಿಕೆ ಏನಲ್ಲ.

ಇಳಿಯುವ ದಾರಿಯ ಬಗ್ಗೆ ನನ್ನ ಸಿಟ್ಟು ಜಾಸ್ತಿ. ನಾವು ವರ್ಷಗಟ್ಟಲೆ ಅಂಕಿಅಂಶ ಮೇಲೆ ಕಳಿಸುತ್ತೇವೆ, ವಾಪಸ್ ಏನೂ ಬರುವುದಿಲ್ಲ. ಪಕ್ಕದ ಬಡಾವಣೆಯ ಆಸ್ಪತ್ರೆಯಲ್ಲಿ ಈ ವಾರ ಏನು ಕಾಣಿಸಿತು ಅನ್ನುವುದು ನನಗೆ ಗೊತ್ತಾಗುವುದು ವಾಟ್ಸ್ಆ್ಯಪ್ ಗುಂಪಿನಿಂದ, ಇಲ್ಲವೇ ಪೇಪರ್‌ನಿಂದ. 2025ರ ಜನವರಿಯಲ್ಲಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಎರಡು ಕೂಸುಗಳಲ್ಲಿ ಎಚ್‌ಎಂಪಿವಿ ಕಂಡಾಗ ಏನಾಯಿತು ನೆನಪಿಸಿಕೊಳ್ಳಿ. ಅದು ಹಳೆಯ, ಎಲ್ಲೆಡೆ ಇರುವ ವೈರಸ್, ಭಯಪಡುವಂಥದ್ದಲ್ಲ. ಆದರೂ ಊರಿಡೀ ಗಾಬರಿ. ಯಾರನ್ನು ಪರೀಕ್ಷೆ ಮಾಡಬೇಕು, ಯಾರನ್ನು ಬೇಡ ಅನ್ನುವ ಎರಡು ಸಾಲು ಮೊದಲ ಗಂಟೆಯಲ್ಲೇ ಪ್ರತಿ ಮಕ್ಕಳ ವೈದ್ಯರ ಫೋನ್‌ಗೆ ಬಂದರೆ ಅಂಥ ಗಾಬರಿ ಅರ್ಧಕ್ಕೆ ಇಳಿಯುತ್ತದೆ. ನಿಜವಾದ ದಾಳಿಯ ದಿನವೂ ಬೇಕಾಗುವುದು ಅಂಥದ್ದೇ ಎರಡು ಸಾಲು.

ಕೊಟ್ಟು ತೆಗೆದುಕೊಳ್ಳುವುದು ಇದ್ದರೆ ಖಾಸಗಿಯವರು ಬರುತ್ತಾರೆ ಅನ್ನುವುದಕ್ಕೆ ಕ್ಷಯ ರೋಗದ ಉದಾಹರಣೆ ನಮ್ಮ ಮುಂದೆಯೇ ಇದೆ. 2012ರಲ್ಲಿ ಖಾಸಗಿಯವರೂ ಪ್ರತಿ ಟಿಬಿ ರೋಗಿಯ ಮಾಹಿತಿ ಕೊಡಬೇಕು ಅಂತ ಆದೇಶ ಬಂತು. ಬರೀ ಆದೇಶದಿಂದ ಬಹಳ ಆಗಲಿಲ್ಲ. ನಿಕ್ಷಯ್ ಪೋರ್ಟಲ್‌ನಲ್ಲಿ ಮಾಹಿತಿ ಕೊಟ್ಟ ವೈದ್ಯರಿಗೆ 500 ರೂಪಾಯಿ, ಅವರ ರೋಗಿಗೆ ಉಚಿತ ಔಷಧ, ಪೌಷ್ಟಿಕ ಆಹಾರಕ್ಕೆ ಹಣ ಅಂತ ಆದ ಮೇಲೆ ಖಾಸಗಿ ವರದಿಗಳು ಏರಿದವು. ವೈದ್ಯರಿಗೆ 500 ರೂಪಾಯಿಗಿಂತ ತಮ್ಮ ರೋಗಿಗೆ ಏನೋ ಸಿಕ್ಕಿತು ಅನ್ನುವುದೇ ದೊಡ್ಡದು ಅಂತ ನನ್ನ ಅನಿಸಿಕೆ.

ಕೋವಿಡ್ ಕಾಲದಲ್ಲಿ ಬೆಂಗಳೂರು ಈ ಜೋಡಣೆಯ ಎರಡೂ ಮುಖ ನೋಡಿತು. ಖಾಸಗಿ ಲ್ಯಾಬ್‌ಗಳು ಸರ್ಕಾರಿ ಲ್ಯಾಬ್‌ಗಳ ಪಕ್ಕದಲ್ಲೇ ನಿಂತು ಹಗಲು ರಾತ್ರಿ ಪರೀಕ್ಷೆ ಮಾಡಿದವು, ಮೆಡಿಕಲ್ ಶಾಪ್‌ನವರೂ ಜ್ವರ, ಕೆಮ್ಮಿನ ಮಾತ್ರೆ ಕೊಂಡವರ ವಿವರ ಬರೆದುಕೊಂಡರು. ಇನ್ನೊಂದು ಕಡೆ, ಸೋಂಕು ಖಚಿತವಾದ ರೋಗಿಗೆ ಸರ್ಕಾರ ಕೊಡುತ್ತಿದ್ದ ಬಿಯು ನಂಬರ್ ಬರದೆ ಹಾಸಿಗೆ ಸಿಗದು ಅಂತ ಜನ ಸಹಾಯವಾಣಿ 1912ಕ್ಕೆ ಫೋನ್ ಹಚ್ಚುತ್ತ ಆಸ್ಪತ್ರೆ ಬಾಗಿಲಲ್ಲಿ ಆಂಬುಲೆನ್ಸ್‌ನೊಳಗೆ ಕಾದರು. ರೋಗಿ ಎದುರಿಗಿದ್ದರು, ಹಾಸಿಗೆಯೂ ಇತ್ತು, ನಡುವಿನ ಕಾಗದ ಬರಬೇಕಿತ್ತು. ಆ ನೋವು ಕಂಡವರಿಗೆ ನಾನು ಯಾಕೆ ಫೋನ್ ನಂಬರ್ ಬಗ್ಗೆ ಇಷ್ಟು ಹಟ ಹಿಡಿಯುತ್ತೇನೆ ಅನ್ನುವುದು ಅರ್ಥವಾಗುತ್ತದೆ.

ಔಷಧದ ವಿಷಯದಲ್ಲಿ ನಾವು ಅಮೆರಿಕಕ್ಕಿಂತ ಗಟ್ಟಿಯಾಗಿದ್ದೇವೆ. 2001ರಲ್ಲಿ ಅಲ್ಲಿ ಆಂಥ್ರಾಕ್ಸ್‌ಗೆ ಕೊಡುವ ಆಂಟಿಬಯೋಟಿಕ್ ಆದ ಸಿಪ್ರೊ ಮಾತ್ರೆಯ ಪೇಟೆಂಟ್ ಬೇಯರ್ ಕಂಪನಿ ಹತ್ತಿರ ಇತ್ತು. ಸರ್ಕಾರ ಚೌಕಾಸಿ ಮಾಡಿ 1.77 ಡಾಲರ್ ಇದ್ದ ಬೆಲೆಯನ್ನು 95 ಸೆಂಟ್‌ಗೆ ಇಳಿಸಿಕೊಳ್ಳಬೇಕಾಯಿತು. ನಮ್ಮಲ್ಲಿ ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್ ಎರಡೂ ಪ್ರತಿ ಬೀದಿಯ ಮೆಡಿಕಲ್ ಶಾಪ್‌ನಲ್ಲಿ ಅಗ್ಗಕ್ಕೆ ಸಿಗುತ್ತವೆ. ಕಷ್ಟ ಇರುವುದು ಹಂಚುವುದರಲ್ಲಿ. ಒಂದು ಟೆಕ್ ಪಾರ್ಕ್‌ನ ಐದು ಸಾವಿರ ಜನರಿಗೆ ಎರಡು ದಿನದಲ್ಲಿ ಮಾತ್ರೆ ಮುಟ್ಟಿಸಿ, 60 ದಿನ ಬಿಡದೆ ತಿನ್ನಿಸಿ, ಅಡ್ಡ ಪರಿಣಾಮ ಆದವರನ್ನು ನೋಡಿಕೊಳ್ಳುವುದು ಯಾವ ಒಂದು ಸರ್ಕಾರಿ ಆಸ್ಪತ್ರೆಗೂ ಆಗದ ಕೆಲಸ. ಕಂಪನಿಗಳ ಆರೋಗ್ಯ ವಿಭಾಗ, ಅಕ್ಕಪಕ್ಕದ ನರ್ಸಿಂಗ್ ಹೋಮ್, ಸರ್ಕಾರದ 'ನಮ್ಮ ಕ್ಲಿನಿಕ್'ಗಳು, ಔಷಧ ವ್ಯಾಪಾರಿಗಳ ಸಂಘ ಎಲ್ಲರೂ ಬೇಕು. ಯಾರು ಯಾವ ಬೀದಿ ಅನ್ನುವುದನ್ನು ಮೊದಲೇ ಬರೆದಿಟ್ಟಿರಬೇಕು. ಮೊದಲೇ ಬರೆದಿಡದಿದ್ದರೆ ಜನ ತಾವೇ ಅಂಗಡಿಗೆ ನುಗ್ಗಿ ಕೊಂಡು ಅಟ್ಟದ ಮೇಲೆ ಇಟ್ಟುಕೊಳ್ಳುತ್ತಾರೆ, ನಿಜವಾಗಿ ಬೇಕಾದವರಿಗೆ ಸಿಗುವುದಿಲ್ಲ.

ಪಶುವೈದ್ಯರನ್ನು ಬಿಟ್ಟು ಈ ಮಾತು ಮುಗಿಯುವುದಿಲ್ಲ. ಆಂಥ್ರಾಕ್ಸ್ ಅಂದರೆ ನಮ್ಮ ಹಳ್ಳಿಗಳಲ್ಲಿ ದನಕುರಿಗಳಿಗೆ ಬರುವ ನೆರಡಿ ರೋಗ. ಇದನ್ನು ಕಣ್ಣಾರೆ ಕಂಡವರು ನಮ್ಮ ಊರಲ್ಲಿ ಮನುಷ್ಯರ ವೈದ್ಯರಿಗಿಂತ ಪಶುವೈದ್ಯರೇ ಜಾಸ್ತಿ. ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ದನಗಳಿಗೆ ಇದರ ಲಸಿಕೆ ತಯಾರಾಗುತ್ತದೆ. ಯಲಹಂಕದ ನಿವೇದಿ ಸಂಸ್ಥೆ ಎಲ್ಲಿ ಯಾವ ಜಾನುವಾರು ರೋಗ ಬರಬಹುದು ಅನ್ನುವ ಮುನ್ಸೂಚನೆ ಕೊಡುತ್ತದೆ. ಇಷ್ಟು ತಿಳಿವಳಿಕೆ ಊರೊಳಗೇ ಇದೆ, ಆದರೆ ನನ್ನ ಲ್ಯಾಬ್‌ಗೂ ಅವರಿಗೂ ನಡುವೆ ಒಂದು ಪರಿಚಯದ ಫೋನ್ ನಂಬರೂ ಇರಲಿಲ್ಲ. ನಾನೇ ಹೋಗಿ ಮಾತಾಡಿಸಿದಾಗ ಅವರು ಎಷ್ಟು ಪ್ರೀತಿಯಿಂದ ಸ್ಲೈಡ್ ತೋರಿಸಿ ಹೇಳಿಕೊಟ್ಟರು ಅಂದರೆ, ಬೇರೆ ಆಸ್ಪತ್ರೆಗಳ ಲ್ಯಾಬ್‌ನವರೂ ಒಮ್ಮೆ ಹೋಗಿ ಬನ್ನಿ ಅಂತಲೇ ಹೇಳುತ್ತೇನೆ.

ಪೊಲೀಸರದ್ದೂ ಹಾಗೇ. ಅನುಮಾನದ ಲಕೋಟೆ ಸಿಕ್ಕರೆ ಅದು ಠಾಣೆಗೆ, ಅಲ್ಲಿಂದ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದ ಕಡೆಗೆ ಹೋಗುತ್ತದೆ. ರೋಗಿಯ ರಕ್ತ ಆರೋಗ್ಯ ಇಲಾಖೆಯ ದಾರಿ ಹಿಡಿಯುತ್ತದೆ. ಎರಡೂ ಒಂದೇ ಘಟನೆಯ ತುಂಡುಗಳು. ಪೊಲೀಸರಿಗೆ ಸಾಕ್ಷ್ಯ ಕೆಡಬಾರದು, ನನಗೆ ಉತ್ತರ ಬೇಗ ಬೇಕು. ಮಾದರಿಯನ್ನು ಯಾರು ಯಾರ ಕೈಗೆ ಯಾವಾಗ ಕೊಟ್ಟರು ಅಂತ ಬರೆದಿಡುವ ಒಂದು ಪುಟದ ಫಾರಂ ಆಸ್ಪತ್ರೆಯ ಲ್ಯಾಬ್‌ನಲ್ಲಿ ಇದ್ದರೆ ಇಬ್ಬರ ಕೆಲಸವೂ ಉಳಿಯುತ್ತದೆ.

ಇದಕ್ಕೆಲ್ಲ ದುಡ್ಡು ಯಾರು ಕೊಡಬೇಕು ಅನ್ನುವ ಪ್ರಶ್ನೆ ನ್ಯಾಯವಾದದ್ದು. ಅಮೆರಿಕ 2002ರಲ್ಲಿ ಜೈವಿಕ ಭಯೋತ್ಪಾದನೆಗೆ ಸಿದ್ಧವಾಗುವ ಕಾನೂನು ತಂದು, ಆಸ್ಪತ್ರೆಗಳ ಸಿದ್ಧತೆಗೆ ಅಂತಲೇ ಅನುದಾನ ಶುರು ಮಾಡಿತು, ಅದು ರಾಜ್ಯಗಳ ಮೂಲಕ ಖಾಸಗಿ ಆಸ್ಪತ್ರೆಗಳಿಗೂ ಹೋಯಿತು. ನಮ್ಮ ದೊಡ್ಡ ಕಾರ್ಪೊರೇಟ್ ಆಸ್ಪತ್ರೆಗಳು ತಮ್ಮ ಖರ್ಚಿನಲ್ಲೇ ಇದನ್ನು ಮಾಡಬಹುದು, ಮಾಡಲೇಬೇಕು. ಮೂವತ್ತು ಹಾಸಿಗೆಯ ನರ್ಸಿಂಗ್ ಹೋಂಗೆ ಆಗುವುದಿಲ್ಲ. ಮೊದಲ ರೋಗಿ ಬರುವುದು ಅಲ್ಲಿಗೇ ಇರಬಹುದು. ಅವರಿಂದ ಪ್ರತ್ಯೇಕ ಕೊಠಡಿ, ದುಬಾರಿ ಉಪಕರಣ ಕೇಳಬೇಡಿ. ಸಂಶಯ ಪಡಲು ಕಲಿಸಿ, ಮಾದರಿ ಕಳಿಸಲು ಮೂರು ಪದರದ ಪ್ಯಾಕಿಂಗ್ ಡಬ್ಬ ಕೊಡಿ, ಒಂದು ನಂಬರ್ ಕೊಡಿ, ತಪ್ಪು ಸಂಶಯಕ್ಕೆ ಫೋನ್ ಮಾಡಿದರೆ ನೋಟಿಸ್ ಬರುವುದಿಲ್ಲ ಅನ್ನುವ ಭರವಸೆ ಬರಹದಲ್ಲಿ ಕೊಡಿ. ಕೊನೆಯದು ಎಲ್ಲಕ್ಕಿಂತ ಮುಖ್ಯ. ಸಣ್ಣ ಆಸ್ಪತ್ರೆಯ ಮಾಲೀಕರು ಇಲಾಖೆಗೆ ಫೋನ್ ಮಾಡಲು ಹೆದರುತ್ತಾರೆ, ಇನ್ಸ್‌ಪೆಕ್ಷನ್‌ಗೆ ಬಂದುಬಿಡುತ್ತಾರೆ ಅಂತ. ಆ ಹೆದರಿಕೆ ಇರುವವರೆಗೆ ಯಾವ ಪೋರ್ಟಲ್ ಕಟ್ಟಿದರೂ ಮೊದಲ ಸಂಶಯ ಒಳಗೇ ಸಾಯುತ್ತದೆ.

ಮುಂದಿನ ಜಿಲ್ಲಾ ಕಣ್ಗಾವಲು ಸಭೆಗೆ ನಾನು ಒಂದು ಜಂಟಿ ಅಣಕು ಕಾರ್ಯಾಚರಣೆಯ ಪ್ರಸ್ತಾವ ಬರೆದು ಇಟ್ಟುಕೊಂಡಿದ್ದೇನೆ. ವೇದಿಕೆ, ಬ್ಯಾನರ್, ಫೋಟೋ ಏನೂ ಬೇಡ. ಒಂದು ಸಣ್ಣ ನರ್ಸಿಂಗ್ ಹೋಂ, ಒಂದು ದೊಡ್ಡ ಖಾಸಗಿ ಲ್ಯಾಬ್, ಪಾಲಿಕೆಯ ಆರೋಗ್ಯ ಅಧಿಕಾರಿ, ಒಬ್ಬ ಪಶುವೈದ್ಯರು, ಒಂದು ಠಾಣೆ, ಇಷ್ಟೇ ಜನ. ಹಾನಿಯಿಲ್ಲದ ಒಂದು ಬ್ಯಾಸಿಲಸ್ ಸ್ಲೈಡ್ ಅನ್ನು ರಾತ್ರಿ ಪಾಳಿಯ ಟೆಕ್ನಿಷಿಯನ್ ಮುಂದೆ ಇಟ್ಟು ಗಡಿಯಾರ ನೋಡುವುದು. ಫೋನ್ ಯಾವಾಗ ಹೋಯಿತು, ಡಬ್ಬ ಯಾವಾಗ ಹೊರಟಿತು, ಮತ್ತು ಊರಿನ ಇನ್ನೊಂದು ಮೂಲೆಯ ಕ್ಲಿನಿಕ್‌ಗೆ "ಇಂಥ ರೋಗಿ ಬಂದರೆ ಮನೆಗೆ ಕಳಿಸಬೇಡಿ" ಅನ್ನುವ ಸಂದೇಶ ಯಾವಾಗ ಮುಟ್ಟಿತು ಅನ್ನುವುದನ್ನು ಬರೆದುಕೊಳ್ಳುವುದು. ದಿನ ಅಕ್ಟೋಬರ್ 2 ಅಂತ ಸೂಚಿಸಿದ್ದೇನೆ. ಅಂದು ಗಾಂಧಿ ಜಯಂತಿ, ಸರ್ಕಾರಿ ಕಚೇರಿಗಳಿಗೆ ರಜೆ, ಆಸ್ಪತ್ರೆಗಳಲ್ಲೂ ಸಿಬ್ಬಂದಿ ಕಡಿಮೆ ಇರುತ್ತಾರೆ.